ಎರಡು ನಿಮಿಷದ ಹಿಂದಿನ ಕೂಗು

ಫೆಬ್ರವರಿ ಮೂವತ್ತು, ಎರಡನೆಯ ನೆರೆಗಾಲದ ನಲವತ್ತನೆಯ ವರ್ಷ.

ವೆಬ್ ಪುಟಗಳಲ್ಲಿ ದಿನ, ವೇಳೆ ಹೇಗೆ ಕಾಣಬೇಕೆಂದು ನಿರ್ಧರಿಸುವ ಹಿರಿಯರಿಗೆ, ಕೃಷ್ಣೆಯ ನಡುಗಡ್ಡೆಯಿಂದ ಸೋಮವ್ವನ ನಮಸ್ಕಾರಗಳು.

ಮೇಲಿನ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ತಂದಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಬರಹದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಸಂದೇಶಗಳಿಂದ. ನಿಮ್ಮ ಮಾತು ಇಲ್ಲಿಗೆ ಬರುವುದಾದರೆ ನಮ್ಮದೂ ಅಲ್ಲಿಗೆ ಬಂದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಮ್ಮ ಪ್ರತಿ ಊರಿನ ಎತ್ತರದ ಕಟ್ಟೆಯ ಮೇಲೆ ಒಂದು ಸುದ್ದಿಗಂಬವಿದೆ. ಗಾಜಿನ ಹಲಗೆ ಹೊತ್ತ ಕಂಬ ಅದು. ಅಕ್ಕಪಕ್ಕದ ಗಡ್ಡೆಗಳವರು ಬರೆದದ್ದು ಅದರಲ್ಲಿ ಮೂಡುತ್ತದೆ. ನಿಮ್ಮ ಕಾಲದವರು ಬರೆದದ್ದೂ ಯಾವುದೋ ಹಳೆಯ ಯಂತ್ರದ ಹೊಟ್ಟೆಯಿಂದ ಎದ್ದು ಅದರ ನಡುವೆಯೇ ಮೂಡುತ್ತದೆ. ನೀರು ತರಲು ಹೊರಟ ಹೆಂಗಸರು ಕೊಡ ಇಳಿಸಿ ನಿಂತು ಓದುತ್ತಾರೆ. ಎಂದೋ ಸತ್ತವರ ಮದುವೆಯ ಕರೆ, ಹುಟ್ಟುಹಬ್ಬದ ಹಾರೈಕೆ. ದಿನಾಂಕ ಕಂಡರೆ ಹಳೆಯದೆಂದು ತಿಳಿದು ಮುಂದೆ ಹೋಗುತ್ತೇವೆ.

ನನ್ನ ಅಕ್ಕ ಹುಲಿಗೆಮ್ಮ ಊರಿನ ದೋಣಿ ನಡೆಸುತ್ತಿದ್ದಳು. ಹೊಳೆ ಏರಿದ ಒಂದು ಮಧ್ಯಾಹ್ನ ಕಂಬದಲ್ಲಿ ಒಂದು ಸಾಲು ಬಂತು: "ಹೊನ್ನಗಡ್ಡ್ಯಾಗ ಮಾಳಿಗಿ ಮ್ಯಾಲ ಅದೀನಿ. ಕೂಸು ಐತಿ. ಯಾರಾರ ದೋಣಿ ತರ್ರಿ." ಕೆಳಗೆ ದಿನಾಂಕವಿರಲಿಲ್ಲ. "ಎರಡು ನಿಮಿಷದ ಹಿಂದೆ" ಎಂದಷ್ಟೇ ಇತ್ತು. ಇಲ್ಲಿ ಪ್ರತಿ ನೆರೆ ಇಳಿದ ಮೇಲೂ ಜನ ಹೊಸ ಗಡ್ಡೆಗಳಿಗೆ ಹೋಗಿ ನೆಲೆಸುತ್ತಾರೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

"ಅಕ್ಕಾ, ಸೆಳವು ಜೋರೈತಿ, ಸ್ವಲ್ಪ ತಡಿ," ಎಂದೆ.

"ನಾ ತಡದ್ರ ನೀರು ತಡೀತೈತೇನವ್ವ?" ಎಂದು ಸೆರಗು ಬಿಗಿದು ಹೊರಟಳು.

ದೋಣಿ ಮೂರು ಊರಾಚೆ ಬಂಡೆಗಳ ನಡುವೆ ಸಿಕ್ಕಿತು. ಅಕ್ಕ ಸಿಗಲಿಲ್ಲ. ನೀರಿಳಿದ ಮೇಲೆ ಹೊನ್ನಗಡ್ಡೆಗೆ ಹೋಗಿ ನೋಡಿದೆವು. ಅಲ್ಲಿ ಮನೆಗಳೇ ಇರಲಿಲ್ಲ, ಬರೀ ಮರಳು, ಜಾಲಿ.

ನಿಮ್ಮ ಪುಟಗಳನ್ನು ನಡೆಸುವ ಹಳೆಯ ಜಾವಾಸ್ಕ್ರಿಪ್ಟ್ ಭಾಷೆ ಓದಬಲ್ಲ ರಜಿಯಾಬಿ ಎಂಬಾಕೆಯನ್ನು ಕರೆಸಿದೆವು. ಆಕೆ ಕಂಬದ ಎದುರು ಬಹಳ ಹೊತ್ತು ಕುಳಿತಳು. "ಬರೆದ ವೇಳೆ ಒಳಗ ಐತಿ ತಂಗಿ, ಸೆಕೆಂಡಿನ ಸಮೇತ. ತೋರಿಸಿಲ್ಲ ಅಷ್ಟ," ಎಂದಳು. ಬರೆದ ಕ್ಷಣವನ್ನು 'ಈಗ' ಎಂಬ ಕ್ಷಣದಿಂದ ಕಳೆದು ಎಷ್ಟು ಹಿಂದೆ ಎಂದು ಹೇಳುವ ಪ್ರೋಗ್ರಾಂ ಅದು. ಪುಟವನ್ನು ಕಾಪಿಟ್ಟ ದಿನವೇ ಅದರ 'ಈಗ' ನಿಂತುಹೋಗಿತ್ತು; ಅಂದಿನಿಂದ ಎಂದು ನೋಡಿದರೂ ಅದೇ ಎರಡು ನಿಮಿಷ. ಆ ತಾಯಿ ಕೂಗಿದ್ದು ನನ್ನ ಮುತ್ತಜ್ಜಿ ಹುಟ್ಟುವುದಕ್ಕೂ ಮೊದಲು.

ಮರುವರ್ಷ ಮತ್ತೆ ನೆರೆ ಬಂತು. "ಮ್ಯಾಲಿನ ಗಡ್ಡ್ಯಾಗ ಅಟ್ಟದ ಮ್ಯಾಲ ನಾಕು ಮಂದಿ ಅದೀವಿ, ಬರ್ರಿ" ಎಂಬ ಸಾಲು ಮೂಡಿತು. ಪಕ್ಕದಲ್ಲಿ "ಈಗಷ್ಟೇ" ಎಂದಿತ್ತು. ನಾನು ದೋಣಿಯ ಹಗ್ಗಕ್ಕೆ ಕೈಹಾಕಿದೆ. ಊರ ಹಿರಿಯ ಅಮಾತೆಪ್ಪ ಕಾಕಾ ಅಡ್ಡ ಬಂದ.

"ಸತ್ತವರ ಮಾತದು. ಒಬ್ಬಾಕಿನ್ನ ಕಳಕೊಂಡೀವಿ, ಸಾಕು."

ಯಾರೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಕೊಡ ಹಿಡಿದು ಹೋದವಳು ಅದೇ ಸಾಲನ್ನು ಕಂಡೆ. ಈಗ ಅದರ ಪಕ್ಕದಲ್ಲಿ "ನಿನ್ನೆ" ಎಂದಿತ್ತು. ಕೊಡ ಬಿಟ್ಟು ಓಡಿ ಕಾಕಾನನ್ನು ಕೂಗಿದೆ. ಸತ್ತವರ ಸಾಲು ಬದಲಾಗುವುದಿಲ್ಲ.

ಕಾಕಾನೇ ಮೊದಲು ದೋಣಿಗೆ ಹಾರಿದ. ನಾವು ಮುಟ್ಟುವಷ್ಟರಲ್ಲಿ ಅರ್ಧ ಮನೆ ಕೊಚ್ಚಿಹೋಗಿತ್ತು. ಜಂತಿಗೆ ಕಟ್ಟಿದ ಖಾಲಿ ತೊಟ್ಟಿಲು ಗಾಳಿಗೆ ತೂಗುತ್ತಿತ್ತು. ಅಂದಿನಿಂದ ಕಾಕಾ ಕಂಬದ ಬುಡದಲ್ಲೇ ಕೂರುತ್ತಾನೆ. ಮೂಡಿದ ಪ್ರತಿ ಸಾಲಿಗೂ, ಹೋಗಿಬರುವವರನ್ನು ನಿಲ್ಲಿಸಿ, "ಇದು ಯಾವಾಗಿಂದು?" ಎಂದು ಕೇಳುತ್ತಾನೆ.

"ಈಗಷ್ಟೇ" ಎಂದರೆ ಓದುವವರಿಗೆ ಹಿತವಾಗಿರುತ್ತದೆಂದು ನೀವು ಹಾಗೆ ಮಾಡಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರ ಜೊತೆಗೇ ದಿನ, ತಿಂಗಳಿನ ಹೆಸರು, ಪೂರ್ತಿ ವರ್ಷ, ಗಂಟೆ, ಅದು ಯಾವ ನಾಡಿನ ಗಂಟೆ ಎಂಬುದನ್ನೂ ಕಾಣುವ ಹಾಗೆ ಬರೆಯಿರಿ. ನಿಮ್ಮ ಪುಟವನ್ನು ಕೊನೆಗೆ ಓದುವವರು ಯಾರೆಂದು ನಿಮಗೆ ತಿಳಿಯದು.

ಹೊಳೆ ಏರುತ್ತಿದೆ. ಕಂಬದಲ್ಲಿ ಹೊಸದೊಂದು ಕೂಗು ಮೂಡಿದೆ. ಬದುಕಿರುವವರದೋ ಅಲ್ಲವೋ, ಹೋಗಿಯೇ ನೋಡಬೇಕು. ದೋಣಿ ಬಿಚ್ಚುತ್ತಿದ್ದೇನೆ.

ಸೋಮವ್ವ