ರಾಣಿ ಬಾವಿಗೆಸೆದ ಬೀಗದ ಕೈ

ಮೇಡಂ,

ಇವತ್ತಿನದನ್ನು ನಿಮಗೂ ಹೇಳದೆ ನುಂಗಿಕೊಳ್ಳುವವಳಿದ್ದೆ.

ನಮಗೆ ಇತಿಹಾಸ ಕಲಿಸುವಾಗ ನೀವು ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ಸುಳ್ಳು ಸೇರಿಸುತ್ತಿದ್ದಿರಿ. ಹಿಡಿದವರಿಗೆ ಸೀಮೆಸುಣ್ಣ ಬಹುಮಾನ; ಯಾರೂ ಹಿಡಿಯದಿದ್ದರೆ ನೀವಾಗಿ ಹೇಳುತ್ತಿರಲಿಲ್ಲ.

ಇವತ್ತು ನಾನು ತರಬೇತಿ ಕೊಟ್ಟ ಹೊಸ ಇತಿಹಾಸ ಶಿಕ್ಷಕಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸೋತ ರಾಣಿ ಕೋಟೆಯ ಬೀಗದ ಕೈಯನ್ನು ಬಾವಿಗೆಸೆದಳು ಎಂದು ಅವಳು ಪಾಠ ಮಾಡಿದಳು.

"ಮಿಸ್, ಅದನ್ನ ಯಾರು ನೋಡಿದ್ರು?" ಎಂದು ಒಬ್ಬ ಹುಡುಗಿ ಕೇಳಿದಳು.

"ನಂಗೆ ಹೇಳ್ಕೊಟ್ಟೋರು ಹಿಂದೇನೇ ಕೂತಿದಾರೆ, ಕೇಳಮ್ಮ."

ಎಷ್ಟು ತಡಕಾಡಿದರೂ ನಿಮ್ಮ ದನಿ ಬಿಟ್ಟು ಬೇರೆ ಆಧಾರ ಸಿಗಲಿಲ್ಲ. ಅದು ನಾವು ಹಿಡಿಯದೆ ಬಿಟ್ಟ ಸುಳ್ಳು. ಇಷ್ಟು ವರ್ಷ ನಿಜವೆಂದೇ ಕಲಿಸಿದೆ.

ಇನ್ನೆಷ್ಟಿವೆ, ಮೇಡಂ? ಕೇಳೋಣವೆಂದರೆ ನೀವಿಲ್ಲ.

"ಸೋಮವಾರ ಹೇಳ್ತೀನಿ" ಎಂದು ತಪ್ಪಿಸಿಕೊಂಡು ಬಂದೆ. ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟ ಮೇಲೆ ಈ ಪತ್ರವನ್ನು ನಿಮ್ಮ ಹಳೆಯ ವಿಳಾಸಕ್ಕೆ ಅಂಚೆಗೆ ಹಾಕುತ್ತೇನೆ: ಸೋಮವಾರ, ಹದಿನಾರನೇ ತಾರೀಖು.