ಉಪ್ಪುಬಾಗಿಲು ತೆರೆದವಳ ಕೃತಜ್ಞತೆ

ಕ್ರಿಸ್ತಶಕ ೨೩೧೬, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ.

ಕರಾವಳಿಯ ಸಭೆಯ ಪೂರ್ವಿಕರಿಗೆ ತೇಲೂರಿನ ಜೆಮೀಮಾ ಕರ್ಕಡಳ ವಂದನೆಗಳು. ಈ ಪತ್ರದ ಉದ್ದೇಶ ಒಂದೇ: ಶಿಲುಬೆಯ ಅರ್ಥವನ್ನು ಕೈಬಿಡದೆ ನಮ್ಮವರೆಗೆ ತಲುಪಿಸಿದ್ದಕ್ಕಾಗಿ ನಿಮಗೆ ಕೃತಜ್ಞತೆ ಹೇಳುವುದು. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹದಿಮೂರನೆಯ ತಿಂಗಳು ನಿಮ್ಮಲ್ಲಿರಲಿಲ್ಲವೆಂದು ಬಲ್ಲೆ. ಕಾವಲಿನ ಪಾಳಿಗಳನ್ನು ಸಮನಾಗಿ ಹಂಚಲೆಂದು ನಮ್ಮ ಹಿರಿಯರು ವರ್ಷವನ್ನು ಇಪ್ಪತ್ತೆಂಟು ದಿನಗಳ ತಿಂಗಳುಗಳಾಗಿ ಒಡೆದರು.

ತೇಲೂರು ಕಡಲ ಮೇಲೆ ತೇಲುವ ಮುನ್ನೂರು ಮನೆಗಳ ಊರು. ನೀವು ಪ್ರಾರ್ಥಿಸುತ್ತಿದ್ದ ದೇವಾಲಯ ನಮ್ಮ ಕೆಳಗೆ ನೀರಿನಲ್ಲಿದೆ. ಬೆಳಿಗ್ಗೆ ಎದ್ದವರು ಮೊದಲು ಮನೆಯಡಿಗೆ ಅಂಟಿದ ಚಿಪ್ಪುಗಳನ್ನು ಕೆರೆಯುತ್ತಾರೆ, ಬಳಿಕ ಕಡಲಪಾಚಿಯ ರೊಟ್ಟಿ ತಟ್ಟುತ್ತಾರೆ. ಎಲ್ಲ ಮನೆಗಳ ಮಾಡಿನ ಮಳೆನೀರು ಹರಿದು, ತೇಲದೆ ಕಡಲತಳಕ್ಕೆ ಊರಿ ನಿಂತ ಸಿಹಿಗೊಳಕ್ಕೆ ಸೇರುತ್ತದೆ. ಊರಿಗೆಲ್ಲ ಕುಡಿಯುವ ನೀರು ಅದೊಂದೇ. ಅದರ ತಳದ ಕೆಸರನ್ನು ಹೊರಬಿಡುವ ಕಿಂಡಿಗೆ ಉಪ್ಪುಬಾಗಿಲು ಎನ್ನುತ್ತೇವೆ. ಇಳಿತದಲ್ಲಿ ತೆರೆದರೆ ಕೆಸರು ಹೋಗುತ್ತದೆ, ಉಬ್ಬರದಲ್ಲಿ ತೆರೆದರೆ ಕಡಲು ಒಳಗೆ ಬರುತ್ತದೆ.

ಶಾಲೆಯ ಏಳು ವರ್ಷವೂ ನಾನು ತರಗತಿಗೆ ಮೊದಲಿಗಳು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ, ಏಕೆಂದರೆ ಅದು ನಿಜ. ಕಳೆದ ವರ್ಷ ಬಾಗಿಲಿನ ಕಾವಲು ನನ್ನ ಪಾಳಿಗೆ ಬಂತು. ಉಬ್ಬರವಿಳಿತದ ಪಟ್ಟಿಯಲ್ಲಿ ಹನ್ನೆರಡು ತಿಂಗಳ ಹಳೆಯ ತಾರೀಕು, ಹದಿಮೂರು ತಿಂಗಳ ಹೊಸ ತಾರೀಕು ಎರಡೂ ಇರುತ್ತವೆ. ನಾನು ಹಳೆಯ ಸಾಲನ್ನು ಹೊಸದೆಂದು ಓದಿದೆ. ಪಕ್ಕದಲ್ಲಿದ್ದ ದೀನಮಣಿ, ನಮ್ಮ ತರಗತಿಯ ಕೊನೆಯವಳು, "ಒಮ್ಮೆ ನೀರು ನೋಡು ಮಾರಾಯ್ತಿ" ಎಂದಳು. ಅವಳಿಂದ ಕಲಿಯುವುದೇನಿದೆ ಎಂದುಕೊಂಡು ಬಾಗಿಲು ತೆರೆದೆ. ಉಬ್ಬರದ ಕಡಲು ಒಳಗೆ ನುಗ್ಗಿತು. ಮುನ್ನೂರು ಮನೆಗಳು ನಲವತ್ತು ದಿನ ಕುಡಿಯುವ ನೀರಿಗಾಗಿ ಪಡಬಾರದ ಪಾಡು ಪಟ್ಟವು.

ಈ ತಪ್ಪಿಗೆ ಶಿಕ್ಷೆ ಎರಡು ವರ್ಷದ ತಳವಾಸ: ಊರನ್ನು ತೇಲಿಸುವ ಅಡಿಪೆಟ್ಟಿಗೆಯಲ್ಲಿ, ಬಿಸಿಲು ಕಾಣದೆ, ಸೋರುವ ನೀರನ್ನು ಎತ್ತಿ ಹಾಕುವುದು. ತಾನಾಗಿ ಒಪ್ಪಿದ ಬದಲಾಳು ಅದನ್ನು ಹೊರಬಹುದೆಂದು ಕಾನೂನಿದೆ. ಯಾರೂ ಬಳಸಿದ್ದು ನನಗೆ ಗೊತ್ತಿರಲಿಲ್ಲ. ಶಿಕ್ಷೆ ಸಾರಿದ ಕೂಟದಲ್ಲಿ ದೀನಮಣಿ ನನ್ನ ಬದಲಿಗೆ ಎದ್ದು ನಿಂತಳು. ನಾನು ಕೇಳಿಕೊಂಡಿರಲಿಲ್ಲವೆಂದು ಸಿಟ್ಟಾದೆ. ಅವಳು ನಕ್ಕಳು: "ನಿಂಗೆ ಕತ್ತಲೆ ಅಂದ್ರೆ ಕಾಲು ನಡುಗ್ತದೆ, ನಂಗೆ ಗೊತ್ತುಂಟು. ನಂಗೆ ಎಂತ, ಅಲ್ಲಿ ಪರೀಕ್ಷೆ ಇಲ್ವಲ್ಲ!"

ಅವಳು ಇಳಿದಳು. ನಾನು ಪ್ರತಿವಾರ ಒಣಮೀನು, ಕಂಬಳಿ, ನನ್ನ ಟಿಪ್ಪಣಿಗಳನ್ನು ಕಳಿಸಿದೆ. ಮೀನು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿ ಅವಳು ಹೇಳಿಕಳಿಸಿದಳು: "ಲೆಕ್ಕ ಸರಿಕಟ್ಟಲಿಕ್ಕೆ ಹೊರಟಿದ್ದೀಯಾ? ಸುಮ್ನೆ ಇರು ಮಾರಾಯ್ತಿ."

ಸುಮ್ಮನಿರುವುದೇ ನನಗೆ ಕಷ್ಟವಾಯಿತು. ಶುಭ ಶುಕ್ರವಾರ ಸಭೆಯಲ್ಲಿ ಶಿಲುಬೆಯ ಮುಂದೆ ಕುಳಿತೆ. ಅದು ನಿಮ್ಮ ದೇವಾಲಯದ ಬೆಂಚಿನ ಎರಡು ಹಲಗೆ. ನೀರೇರಿದಾಗ ನಿಮ್ಮ ಮಕ್ಕಳು ಹೊತ್ತು ತಂದದ್ದು. ಕ್ರಿಸ್ತನು ನಮಗೆ ಬದಲಾಗಿ ಸತ್ತನು ಎಂಬ ವಾಕ್ಯಕ್ಕೆ ನಾನು ಮೂರು ಪರೀಕ್ಷೆಗಳಲ್ಲಿ ಪೂರ್ಣಾಂಕ ಪಡೆದಿದ್ದೆ. ಆ ದಿನ ಅದು ಉತ್ತರವಾಗಿ ಉಳಿಯಲಿಲ್ಲ. ಯೋಗ್ಯತೆಯಿಂದ ಪಡೆಯಲಾಗದ, ತೀರಿಸಲೂ ಆಗದ ಒಂದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕಿತ್ತು, ಅಷ್ಟೇ. ತೆಗೆದುಕೊಂಡೆ. ಜೀವನದಲ್ಲಿ ಮೊದಲ ಬಾರಿ, ಅಂಕವಿಲ್ಲದ ಪ್ರಾರ್ಥನೆಯಲ್ಲಿ, ಸ್ತೋತ್ರ ಎಂದೆ. ಈ ಅರ್ಥವನ್ನು ನೀವು ಕಾಯ್ದಿಡದಿದ್ದರೆ ದೀನಮಣಿ ನನ್ನ ಪಾಲಿಗೆ ಬರೀ ದಡ್ಡಿಯಾಗಿಯೇ ಉಳಿಯುತ್ತಿದ್ದಳು.

ಈಗ ಸಮುದ್ರದಾಚೆಯ ಮಹಾವಿದ್ಯಾಲಯ ನನ್ನನ್ನು ಆರಿಸಿದೆ. ತಪ್ಪಿನ ದಾಖಲೆಯಲ್ಲಿ ಹೆಸರಿರುವವರನ್ನು ಅದು ಸೇರಿಸಿಕೊಳ್ಳುವುದಿಲ್ಲ. ಇಂದು ಮಧ್ಯಾಹ್ನ ಊರಿನ ಹಿರಿಯರಾದ ಯೋಬ ಸಾಲಿನ್ಸರು ತಿದ್ದಿದ ದಾಖಲೆ ತಂದರು. ಬಾಗಿಲು ತೆರೆದವಳು ದೀನಮಣಿ ಎಂದು ಅದರಲ್ಲಿದೆ. "ಹೇಗೂ ಅವಳೇ ಕೆಳಗಿದ್ದಾಳಲ್ಲ ಮಗಳೇ, ತಪ್ಪೂ ಅವಳದ್ದೇ ಅಂತ ಬರೆದ್ರೆ ಯಾರಿಗೆ ಎಂತ ಆಗ್ತದೆ? ನೀನು ಊರಿನ ಹೆಸರು ತರುವವಳು" ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಹಡಗು ನಾಳೆ ಹೊರಡುತ್ತದೆ. ಸಂಜೆಯೊಳಗೆ ನನ್ನ ಸಹಿ ಬೀಳದಿದ್ದರೆ ನನ್ನ ಜಾಗ ಇನ್ನೊಬ್ಬರಿಗೆ. ಕಾಗದ ನನ್ನ ಮುಂದಿದೆ. ಸಾಲಿನ್ಸರು ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದಾರೆ.

ನಾನು ಸಹಿ ಹಾಕುವುದಿಲ್ಲ.