ಶ್ರೀವಲ್ಲಿ ಕೇಳಿದ ಭಾಷೆ

ಜೂನ್ 3, ಬೆಳಿಗ್ಗೆ
ಮೆತ್ತನೆ ಅನ್ನ, ಎರಡು ಚಮಚ. ಉಗುಳಿದಳು. ಶ್ರೀವಲ್ಲಿಯನ್ನು ಆಶ್ರಮದಿಂದ ತಂದು ಹತ್ತೊಂಬತ್ತು ದಿನ. ಹನ್ನೊಂದು ತಿಂಗಳ ಮಗು. ತಟ್ಟೆ ಬಿದ್ದರೆ ಬೆಚ್ಚುತ್ತಾಳೆ. ನಾವು ಎಷ್ಟು ಮಾತಾಡಿಸಿದರೂ ಕಿವಿಗೊಡುವುದಿಲ್ಲ. ನಾಳೆ ರಾಯಚೂರಿಗೆ.

ಜೂನ್ 4
ಕಿವಿ ಟೆಸ್ಟ್ ನಾರ್ಮಲ್. ಡಾಕ್ಟರು ಆಶ್ರಮ ಕೊಟ್ಟ ಫೈಲನ್ನೇ ನೋಡುತ್ತ ಕುಳಿತರು.
"ಮೊದಮೊದಲು ಕೂಸು ಎಲ್ಲಾ ಭಾಷಿ ಸಪ್ಪಳನೂ ಬ್ಯಾರೆ ಬ್ಯಾರೆ ಹಿಡೀತದ್ರೀ. ವರ್ಷ ತುಂಬೂದ್ರಾಗ ಮನಿ ಭಾಷಿಗೇ ಕಿವಿ ಹೊಂದಿಕೊಳ್ತದ. ಎರಡು ದಿನದ ಕೂಸಿದ್ದಾಗಿಂದ ದೇವದುರ್ಗದ ಆಶ್ರಮದಾಗೇ ಬೆಳದದ ಅಂದ್ರ, ಇಷ್ಟೊತ್ತಿಗೆ ಕನ್ನಡ ಗುರುತು ಹಿಡೀಬೇಕಿತ್ತಲ್ಲ?"

ಜೂನ್ 7, ಸಂಜೆ 5
ಇಲ್ಲೇ ಮಾನ್ವಿಯಲ್ಲಿ, ನಮ್ಮ ಓಣಿ ಕೊನೆಯ ರೈಸ್ ಮಿಲ್ಲಿನ ಮುಂದೆ. ಒಡಿಶಾದಿಂದ ದುಡಿಯಲು ಬಂದ ಹೆಂಗಸೊಬ್ಬಳು ಫೋನಿನಲ್ಲಿ ಒಡಿಯಾ ಮಾತಾಡುತ್ತಿದ್ದಳು. ಶ್ರೀವಲ್ಲಿ ತಟ್ಟನೆ ತಿರುಗಿದಳು. ಇಡೀ ಮೈ ಚಾಚಿ ಅವಳ ಕಡೆ ಜಗ್ಗಿದಳು. ಮಗುವಿಗೆ ಅವಳು ಕಾಣದಂತೆ ದೂರ ಸರಿದು, ಬೆನ್ನು ಮಾಡಿ ನಿಂತೆ. ಬೇರೆಯವರ ಕನ್ನಡಕ್ಕೆ — ತಿರುಗಲಿಲ್ಲ. ಅವಳ ಮಾತಿಗೆ — ಮತ್ತೆ ತಿರುಗಿದಳು.
ದೇವದುರ್ಗದ ಆಶ್ರಮದಲ್ಲಿ ಇವಳೊಡನೆ ಒಡಿಯಾ ಮಾತಾಡಿದವರು ಯಾರು?

ಜೂನ್ 8
ದೇವದುರ್ಗ. ಆಶ್ರಮದ ಆಯಾ ದುರ್ಗಾದೇವಿಯನ್ನು ಗೇಟಿನ ಹೊರಗೆ ಹಿಡಿದು ಕೇಳಿದೆ. ಅತ್ತುಬಿಟ್ಟಳು.
"ಫೈಲ್‌ನಾಗ ಸುಳ್ಳು ಬರದಾರ್ರೀ ಅಕ್ಕಾರ. ಇಲ್ಲಿ ಬಂದಾಗ ಒಂಬತ್ತು ತಿಂಗಳ ಕೂಸಿತ್ತು. ಅವರವ್ವ ಇಟ್ಟಂಗಿ ಭಟ್ಟ್ಯಾಗ ದುಡಿಯಾಕಿ, ಒಡಿಶಾದಾಕಿ. ಟಿಬಿ ಆಗಿತ್ತು. ಆರಾಮಾದ ಮ್ಯಾಲೆ ಒಯ್ತೀನಿ ಅಂತ ಬಿಟ್ಟಿದ್ಲು. ಎರಡು ಸಲ ಬಂದ್ಲು. ಆಶ್ರಮದ ಸಾಹೇಬ್ರು ಒಳಗ ಬಿಡಲಿಲ್ಲ."
ಆ ತಾಯಿಯ ಫೋನ್ ನಂಬರಿನ ಚೀಟಿ ಕೊಟ್ಟಳು. ಬಸ್ಸಿನಲ್ಲಿ ಅಳುವೂ ಬರಲಿಲ್ಲ. ಹನ್ನೆರಡು ವರ್ಷ ಕಾದು ಪಡೆದ ಮಗು... ಇನ್ನೊಬ್ಬಳದು.
ನನ್ನವರು ಕೇಳಿ ಬಿಳಿಚಿಕೊಂಡರು. "ವೇದಾ, ಹದಿನೈದಕ್ಕ ದತ್ತು ಆರ್ಡರ್ ಬರ್ತದ. ಆ ಚೀಟಿ ಹರದು ಒಗಿ. ನಾವೇನು ಕದ್ದೀವೇನು?"

ಜೂನ್ 13
ನಾಲ್ಕು ದಿನ ಬರೆಯಲಿಲ್ಲ. ನಿನ್ನೆ ನಾನು ಮಾತಾಡಿದಾಗ ಶ್ರೀವಲ್ಲಿ ನನ್ನ ಬಾಯಿಯನ್ನೇ ನೋಡಿದಳು. ನಕ್ಕಳು. ಕುಣಿಯಬೇಕಿತ್ತು — ಹೆದರಿದೆ. ಇನ್ನು ಕೆಲವು ತಿಂಗಳಿಗೆ ಹೆತ್ತವಳ ಭಾಷೆ ಅವಳಿಗೆ ಬರೀ ಸದ್ದು.

ಮಧ್ಯಾಹ್ನ 3
ಚೀಟಿಯ ನಂಬರಿಗೆ ಫೋನ್ ಹಚ್ಚಿದೆ. ನನ್ನವರು ತಡೆಯಲಿಲ್ಲ; ಗೋಡೆಗೆ ಒರಗಿ ನಿಂತರು. ಹೆಣ್ಣುದನಿ, ಕೆಮ್ಮು. ಮಗು ನನ್ನ ಹತ್ತಿರ ಇದೆ ಅಂತ ಹಿಂದಿಯಲ್ಲಿ ಹೇಳಿದೆ. ಕಿರುಚಿದಳು. ವಿಳಾಸ ಎರಡು ಸಲ ಹೇಳಿಸಿಕೊಂಡಳು.

ಜೂನ್ 14, ಬೆಳಿಗ್ಗೆ 11
ಆಶ್ರಮದ ಸುಳ್ಳನ್ನೆಲ್ಲ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ಬರೆದು ಕೊಟ್ಟು ಬಂದೆವು. ಶ್ರೀವಲ್ಲಿಯ ಅಂಗಿಗಳನ್ನು ಮಡಚಿಟ್ಟೆ. ಅವಳ ತಾಯಿಗೆ ಏನು ಹೇಳಲಿ? ಮೊದಲು ನೀರು ಕೊಡಬೇಕು, ಆಮೇಲೆ...
ಬಾಗಿಲಲ್ಲಿ ಯಾರೋ. ತೀರಾ ಚಿಕ್ಕ ಹುಡುಗಿ, ಇಪ್ಪತ್ತೂ ಇರಲಿಕ್ಕಿಲ್ಲ. ಶ್ರೀವಲ್ಲಿ ನನ್ನ ತೊಡೆಯಿಂದ ಇಡೀ ಮೈ ಚಾಚಿ ಅವಳ ಕಡೆ ಜಗ್ಗುತ್ತಿದ್ದಾಳೆ.